ಅಕ್ಕಿ ಬಟ್ಟಲಿಗೆ ನಾಯಿಯ ಅಂಗಿ

ಯೂಚಿ ಸ್ಕೂಟರಿನ ಸೀಟಿನ ಮೇಲೆ ನಿಂತಿದ್ದಳು. ಅದು ಯಾರ ಸ್ಕೂಟರು, ತಾನು ಯಾವಾಗ ಹತ್ತಿದೆ, ಒಂದೂ ಅವಳಿಗೆ ಗೊತ್ತಿರಲಿಲ್ಲ. ಕೆಳಗೆ ಗಾವ್ ಮಾವನ ಗ್ಯಾರೇಜಿನ ಮೂರು ಕರಿ ನಾಯಿಗಳು ಡೌಹ್ವಾವನ್ನು ಗೋಡೆಗೆ ಒತ್ತರಿಸಿ ಮೇಲೆ ಬಿದ್ದಿದ್ದವು.

ಡೌಹ್ವಾ ಯೂಚಿಯ ನಾಯಿ. ಮರಿಯಾಗಿದ್ದಾಗ ಸೋಯಾ ಹಾಲಿನ ಗಿಣ್ಣಿನ ಹಾಗೆ ಬೆಳ್ಳಗೆ ಮೆತ್ತಗಿತ್ತು ಅಂತ ಆ ಸಿಹಿಯ ಹೆಸರನ್ನೇ ಅದಕ್ಕೆ ಇಟ್ಟಿದ್ದರು. ಈಗ ಅದು ಕುಯ್ಯೋ ಅಂತ ಕಿರುಚುತ್ತಿತ್ತು. ಅದರ ಕೆಂಪು ಹಗ್ಗ ರಸ್ತೆಯಲ್ಲಿ ಬಿದ್ದಿತ್ತು.

ಓಣಿಯ ತುದಿಯಲ್ಲಿ ಕಸದ ಲಾರಿ ಹಾಡು ಹಾಕಿಕೊಂಡು ನಿಂತಿತ್ತು. ಅಲ್ಲಿಗೆ ಹೊರಟಿದ್ದ ಅಜ್ಜಿ ಓಡಿ ಬಂದಳು. ಹಂದಿಗಳಿಗೆಂದು ಬೇರೆ ಇಟ್ಟಿದ್ದ ಎಂಜಲಿನ ಬಕೆಟ್ಟನ್ನು ಹಾಗೇ ನಾಯಿಗಳ ಮೇಲೆ ಸುರಿದಳು. ಮೀನಿನ ತಲೆ ಕಂಡಿದ್ದೇ ತಡ, ಕರಿ ನಾಯಿಗಳು ಜಗಳ ಮರೆತವು. ಅಜ್ಜಿ ಡೌಹ್ವಾವನ್ನು ಎತ್ತಿಕೊಂಡಳು. ಅದರ ಕಿವಿ ಹರಿದು ರಕ್ತ ಸುರಿಯುತ್ತಿತ್ತು.

"ಹಗ್ಗ ಹೇಗೆ ಬಿಡ್ತು ಪುಟ್ಟೀ?" ಅಂದಳು ಅಜ್ಜಿ.

"ಕೈ ಜಾರಿತು," ಅಂದಳು ಯೂಚಿ.

ಕೈ ಜಾರಿರಲಿಲ್ಲ. ಅವಳೇ ಬಿಟ್ಟಿದ್ದಳು.

ಡೌಹ್ವಾದ ಕಿವಿಗೆ ಹೊಲಿಗೆ ಬಿತ್ತು. ಅಜ್ಜಿ ಗ್ಯಾರೇಜಿಗೆ ಹೋಗಿ ಜಗಳವಾಡಿ ಬಂದಳು. ಬರುವಾಗ ಅವಳ ಕೈಯಲ್ಲಿ ಒಂದು ಚೀಲ ಸೀಬೆಹಣ್ಣು. ನಮ್ಮ ನಾಯಿಗಳು ಕಚ್ಚಲ್ಲ, ಆಟ ಆಡ್ತವೆ ಅಷ್ಟೇ, ಅಂತ ಹೇಳಿ ಗಾವ್ ಮಾವ ಹಣ್ಣು ಕೊಟ್ಟು ಕಳಿಸಿದ್ದರು. ಸಂಜೆ ಹೊತ್ತು ಕಟ್ಟಿಹಾಕುತ್ತೇನೆ ಅಂತ ಮಾತು ಬೇರೆ ಕೊಟ್ಟಿದ್ದರು. ಮಾರನೆಯ ಸಂಜೆ ನೋಡಿದರೆ ಮೂರೂ ಶಟರಿನ ಮುಂದೆ ಮಹಾರಾಜರ ಹಾಗೆ ಮಲಗಿದ್ದವು.

ಅಪ್ಪ ಒಂದೇ ಮಾತಿನಲ್ಲಿ ಮುಗಿಸಿದ. ಇನ್ನು ವಾಕಿಂಗ್ ಬೇಡ, ನಾಯಿ ತಾರಸಿಯ ಮೇಲೇ ಇರಲಿ.

ಅದಕ್ಕಿಂತ ದೊಡ್ಡ ಸಂಕಟ ಯೂಚಿಗೆ ಇನ್ನೊಂದಿತ್ತು. ಡೌಹ್ವಾ ಅವಳ ಹತ್ತಿರ ಬರುತ್ತಿರಲಿಲ್ಲ. ಅಜ್ಜಿ ಕರೆದರೆ ಬಾಲ ಆಡಿಸಿಕೊಂಡು ಹೋಗುತ್ತಿತ್ತು. ಯೂಚಿ ಕರೆದರೆ ದೇವರ ಮೇಜಿನ ಕೆಳಗೆ ಸರಿದು, ಮೂತಿ ಗೋಡೆಗೆ ತಿರುಗಿಸಿ ಮಲಗುತ್ತಿತ್ತು. ಇದಕ್ಕೆ ಎಲ್ಲಾ ಗೊತ್ತು, ಅಂದುಕೊಂಡಳು ಯೂಚಿ.

ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಕ್ಲಾಸಿನಲ್ಲಿ ಯಾರಾದರೂ ಬೆಂಚು ಎಳೆದರೆ ಬೆಚ್ಚಿ ಬೀಳುತ್ತಿದ್ದಳು. ಪೆನ್ಸಿಲಿನ ತುದಿ ಕಚ್ಚಿ ಕಚ್ಚಿ ಚೂರು ಮಾಡಿದಳು. ಅನ್ನದ ಮುಂದೆ ಕೂತು ಊಟದ ಕಡ್ಡಿಗಳನ್ನು ಸುಮ್ಮನೆ ತಿರುವುತ್ತಿದ್ದಳು.

"ಹುಡುಗಿಗೆ ಭಯ ಹಿಡ್ಕೊಂಡಿದೆ," ಅಂದಳು ಅಜ್ಜಿ. "ಸೂಮೈ ಹತ್ರ ಕರ್ಕೊಂಡು ಹೋಗ್ತೀನಿ."

ಸೂಮೈ ಅತ್ತೆ ಮಾಜು ದೇವಿಯ ಗುಡಿಯ ಹಿಂದೆ ಇದ್ದರು. ಕೂಸು ರಾತ್ರಿ ಚೀರಿದರೆ, ಮಕ್ಕಳು ಬೆಚ್ಚಿದರೆ ಊರವರು ಅವರ ಹತ್ತಿರ ಹೋಗಿ ಭಯ ತೆಗೆಸುತ್ತಿದ್ದರು. ಅದಕ್ಕೆ ಹೆದರಿದವರು ಉಟ್ಟ ಬಟ್ಟೆ ಬೇಕು. ಆವತ್ತು ಹಾಕಿಕೊಂಡಿದ್ದ ಗುಲಾಬಿ ಅಂಗಿ ಚೀಲಕ್ಕೆ ಹಾಕು ಅಂತ ಅಜ್ಜಿ ಹೇಳಿದಳು.

ಯೂಚಿ ಗುಲಾಬಿ ಅಂಗಿ ಕೈಗೆ ತಗೊಂಡಳು. ಮೇಜಿನ ಕೆಳಗಿಂದ ಡೌಹ್ವಾದ ಬಾಲದ ತುದಿ ಕಾಣುತ್ತಿತ್ತು. ಕಚ್ಚಿಸಿಕೊಂಡಿದ್ದು ಅದು. ಸ್ಕೂಟರ್ ಹತ್ತಿದವಳಿಗೆ ಯಾಕೆ ಮದ್ದು? ಅವಳು ತನ್ನ ಅಂಗಿ ವಾಪಸ್ ಇಟ್ಟು, ಡೌಹ್ವಾಗೆ ಚಳಿಗಾಲದಲ್ಲಿ ತೊಡಿಸುವ ಗುಲಾಬಿ ಅಂಗಿಯನ್ನು ಚಿಕ್ಕದಾಗಿ ಮಡಚಿ ಚೀಲಕ್ಕೆ ಹಾಕಿದಳು.

ಸೂಮೈ ಅತ್ತೆ ಬಟ್ಟಲು ತುಂಬ ಅಕ್ಕಿ ಹಾಕಿ, ಕೈಯಿಂದ ಸಮ ಮಾಡಿದರು. ಅಜ್ಜಿಯ ಜೊತೆ ಮಂಡಿನೋವಿನ ಮಾತಾಡುತ್ತಲೇ ಬಟ್ಟೆಯನ್ನು ಬಟ್ಟಲಿಗೆ ಸುತ್ತಿದರು. ಆಮೇಲೆ ಊದುಬತ್ತಿ ಹಚ್ಚಿ, ಬಟ್ಟಲನ್ನು ಯೂಚಿಯ ತಲೆಯ ಮೇಲೆ, ಎದೆಯ ಮುಂದೆ, ಬೆನ್ನ ಹಿಂದೆ ಆಡಿಸಿದರು. ಅವಳ ಹೆಸರು, ಹುಟ್ಟಿದ ದಿನ, ಮನೆಯ ಓಣಿ ಎಲ್ಲ ಹೇಳಿ, ದಾರಿ ತಪ್ಪಿದ ಜೀವವೇ ಮನೆಗೆ ಬಾ, ಅಂತ ಕರೆದರು. ಯೂಚಿ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಡೌಹ್ವಾ, ಡೌಹ್ವಾ ಅಂದಳು.

ಬಟ್ಟೆ ಬಿಚ್ಚಿ ನೋಡಿದಾಗ ಅಕ್ಕಿ ಒಂದು ಕಡೆ ಕುಸಿದಿತ್ತು. ನಾಲ್ಕು ಕಾಲಿನದು ಹೆದರಿಸಿದೆ, ಅಂದರು ಅತ್ತೆ. ಅದು ಓಣಿಗೆಲ್ಲ ಗೊತ್ತಿದ್ದ ಸಂಗತಿಯೇ. ಆಮೇಲೆ ಬಟ್ಟೆಯನ್ನು ಯೂಚಿಗೆ ಕೊಟ್ಟರು.

"ತಗೋ, ಈಗಲೇ ಹಾಕ್ಕೋಬೇಕು."

ಯೂಚಿ ಕೈ ಮುಂದೆ ಮಾಡಲಿಲ್ಲ. ಅಜ್ಜಿಯೇ ಅಂಗಿ ಕೊಡವಿದಳು. ಮುಂಗಾಲಿಗೆ ಎರಡು ತೂತು, ಹೊಟ್ಟೆಗೆ ಒಂದು ಪಟ್ಟಿ. ಬಿಳಿ ಕೂದಲು ಉದುರಿ ಅಕ್ಕಿಯ ಮೇಲೆ ಬಿತ್ತು.

ಅಜ್ಜಿ ಅಂಗಿಯನ್ನು ನೋಡಿದಳು, ಮೊಮ್ಮಗಳನ್ನು ನೋಡಿದಳು.

"ಕೈ ಜಾರಿದ್ದಲ್ಲ ಅಜ್ಜಿ," ಅಂದಳು ಯೂಚಿ. ಅವಳಿಗೆ ಒಮ್ಮೆಲೇ ಅಳು ಬಂತು. "ನಾನೇ ಹಗ್ಗ ಬಿಟ್ಟೆ. ಅದನ್ನ ಬಿಟ್ಟು ನಾನೊಬ್ಳೇ ಹತ್ಕೊಂಡೆ. ಅದಕ್ಕೆ ಗೊತ್ತು. ಅದಕ್ಕೇ ನನ್ಹತ್ರ ಬರಲ್ಲ."

ಅಜ್ಜಿ ತನ್ನ ಅಂಗಿಯ ತೋಳಿನಿಂದಲೇ ಅವಳ ಮೂಗು ಒರೆಸಿದಳು.

"ನಾನಾಗಿದ್ರೂ ಹತ್ತಿರ್ತಿದ್ದೆ. ಇಳಿಯೋಕೆ ಮಾತ್ರ ಆಗ್ತಿರ್ಲಿಲ್ಲ."

ಸೂಮೈ ಅತ್ತೆ ನಗಲಿಲ್ಲ. ಕರೆದ ಹೆಸರು ಒಬ್ಬರದು, ಬಟ್ಟೆ ಇನ್ನೊಬ್ಬರದು, ಹೀಗಾದರೆ ಪಾಪ ಜೀವ ಯಾರ ಮನೆಗೆ ಹೋಗಬೇಕು, ಅಂತ ಗೊಣಗಿದರು. ಯೂಚಿ ಹಾಕಿಕೊಂಡಿದ್ದ ಶಾಲೆಯ ಜಾಕೆಟ್ ಬಿಚ್ಚಿಸಿ, ಮೊದಲಿನಿಂದ ಮತ್ತೆ ಶುರು ಮಾಡಿದರು.

ಮನೆಗೆ ಬರುವ ದಾರಿಯಲ್ಲಿ ಅಜ್ಜಿ ಬೇರೆ ಪಾಠ ಮಾಡಿದಳು. ನಾಯಿ ಬಂದರೆ ಓಡಬಾರದು, ಓಡಿದರೆ ಅಟ್ಟಿಸಿಕೊಂಡು ಬರುತ್ತವೆ. ಕಿರುಚಬಾರದು. ಅವುಗಳ ಕಣ್ಣಲ್ಲಿ ಕಣ್ಣಿಡಬಾರದು. ನಮ್ಮ ನಾಯಿಯನ್ನು ಹಿಂದೆ ಹಾಕಿಕೊಂಡು, ಮುಂದೆ ಛತ್ರಿ ಬಿಚ್ಚಿ ನಿಲ್ಲಬೇಕು. ಅಜ್ಜಿ ನಡುರಸ್ತೆಯಲ್ಲೇ ಬಿಸಿಲಿನ ಛತ್ರಿ ಬಿಚ್ಚಿ ತೋರಿಸಿದಳು. ಸೈಕಲ್ಲಿನಲ್ಲಿ ಬರುತ್ತಿದ್ದವರೊಬ್ಬರು ಗಾಬರಿಯಾಗಿ ಬ್ರೇಕ್ ಹಾಕಿದರು.

ಒಂದು ಸಲ ವಾಕಿಂಗ್ ಹೋಗಿ ನೋಡೋಣ ಅಂತ ಅಪ್ಪನನ್ನು ಒಪ್ಪಿಸಿದ್ದೂ ಅಜ್ಜಿಯೇ. ಆ ಒಂದು ಸಲವೂ ಕೆಟ್ಟರೆ ತಾರಸಿಯೇ ಗತಿ.

ಹೊಲಿಗೆ ಬಿಚ್ಚಿದ ಮೇಲೆ ಒಂದು ಸಂಜೆ ಛತ್ರಿ ಹಿಡಿದುಕೊಂಡು ಹೊರಟರು. ಡೌಹ್ವಾ ಯೂಚಿಯ ಜೊತೆ ಬಂತು, ಆದರೆ ಹೆಜ್ಜೆಗೊಮ್ಮೆ ತಿರುಗಿ, ಹಿಂದೆ ಬರುತ್ತಿದ್ದ ಅಜ್ಜಿಯನ್ನೇ ನೋಡುತ್ತಿತ್ತು. ಗ್ಯಾರೇಜಿನ ಶಟರ್ ಅರ್ಧ ಎತ್ತಿತ್ತು. ಅದರಡಿಯಿಂದ ಮೂರೂ ನುಗ್ಗಿ ಬಂದವು.

ಯೂಚಿಯ ಕಾಲುಗಳು ತಾವಾಗೇ ಪಕ್ಕಕ್ಕೆ ತಿರುಗಿದವು. ಸೂಮೈ ಅತ್ತೆಯ ಅಕ್ಕಿ ಎಲ್ಲಿ ಹೋಯಿತೋ, ಭಯ ಇದ್ದಷ್ಟೂ ಇತ್ತು. ಅವಳು ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ಫಟ್ ಅಂತ ಛತ್ರಿ ಬಿಚ್ಚಿದಳು.

ಕರಿ ನಾಯಿಗಳು ಗಕ್ಕನೆ ನಿಂತವು. ಆಮೇಲೆ ಬಾಯಿ ಹರಿಯುವಂತೆ ಬೊಗಳಿದವು. ಒಂದು ಎಡಗಡೆಯಿಂದ ಬಳಸಿ ಬಂತು. ಯೂಚಿ ಛತ್ರಿಯನ್ನು ಅತ್ತ ತಿರುಗಿಸಿದಳು.

"ಏನೂ ಮಾಡಲ್ಲಮ್ಮ, ಆಟ ಆಡ್ತಾವೆ," ಅಂತ ಒಳಗಿಂದ ಗಾವ್ ಮಾವ ಕೂಗಿದರು.

"ಕಟ್ಟಿಹಾಕಿ ಮಾವ," ಅಂದಳು ಯೂಚಿ. "ಅಲ್ಲೀತನಕ ನಾವು ಇಲ್ಲೇ ನಿಂತಿರ್ತೀವಿ."

ಗಾವ್ ಮಾವ ಎಣ್ಣೆಗೈ ಒರೆಸಿಕೊಂಡು ಹೊರಗೆ ಬಂದರು. ಛತ್ರಿ ಹಿಡಿದ ಹುಡುಗಿಯನ್ನು, ನಾಯಿಯ ಕಿವಿಯ ಗಾಯದ ಗೆರೆಯನ್ನು ನೋಡಿದರು. ಈ ಸಲ ಅವರು ಸರಪಳಿ ತರಲು ಒಳಗೆ ಹೋದರು.

ಈಗ ಹಗ್ಗ ಜಗ್ಗುತ್ತದೆ, ಡೌಹ್ವಾ ಅಜ್ಜಿಯ ಕಡೆ ಓಡುತ್ತದೆ, ಅಂತ ಯೂಚಿ ಕೈ ಬಿಗಿ ಮಾಡಿ ಕಾದಳು. ಅಜ್ಜಿ ಹತ್ತಿರದಲ್ಲೇ ಇದ್ದಳು.

ಹಗ್ಗ ಜಗ್ಗಲಿಲ್ಲ. ಅವಳ ಮಂಡಿಯ ಹಿಂದೆ ಏನೋ ಒದ್ದೆಯಾಗಿ ತಣ್ಣಗೆ ತಾಗಿತು. ಡೌಹ್ವಾ ಅವಳ ಎರಡೂ ಕಾಲುಗಳ ನಡುವೆ ಮೂತಿ ತೂರಿಸಿ, ನಡುಗುತ್ತಾ, ಅವಳ ಹಿಂದೆ ಅಡಗಿ ನಿಂತಿತ್ತು.