ತಾತನ ಬೆಲ್ಲದಂಗಡಿ ಬಿಲ್ಲೆ

"ತಾತಾ, ನೋಡಿ! ಫುಲ್ ಶೈನಿಂಗ್!"

ಹೇಮಶ್ರೀ ಒದ್ದೆ ಅಂಗೈ ಚಾಚಿದಳು. ಅದರಲ್ಲೊಂದು ತಾಮ್ರದ ಬಿಲ್ಲೆ ಫಳಫಳ ಹೊಳೆಯುತ್ತಿತ್ತು.

ನಾಳೆ ಆಯುಧಪೂಜೆ. ಹಿತ್ತಲಲ್ಲಿ ಅಮ್ಮ ಚೊಂಬು, ಬಿಂದಿಗೆಗಳನ್ನೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರು. ಒಳ್ಳೆಯ ಕೆಲಸ ಮಾಡುವ ಹುರುಪು ಬಂದರೆ ನಮ್ಮ ಹೇಮಶ್ರೀಯನ್ನು ಹಿಡಿಯುವವರಿಲ್ಲ. ತಾತನ ಡಬ್ಬಿಯಿಂದ ಬಿಲ್ಲೆ ತಂದು ಅದನ್ನೂ ತಿಕ್ಕಿದ್ದಳು.

ಶಿವಮಲ್ಲಪ್ಪ ತಾತನ ಮುಖ ಸಪ್ಪಗಾಯಿತು.

"ಎಂಥ ಕೆಲಸ ಮಾಡ್ಬುಟ್ಟೆ ಕಣಮ್ಮ!"

ಹೇಮಶ್ರೀ ಚಾಚಿದ ಕೈ ಹಿಂದಕ್ಕೆಳೆದುಕೊಂಡಳು. "ಕೊಳೆಯಾಗಿತ್ತು ತಾತ..."

"ಅದು ಕೊಳೆಯಲ್ಲಮ್ಮ." ತಾತ ಡಬ್ಬಿ ತೆರೆದರು. ಒಳಗೆ ಕಪ್ಪಗಿನ ಇನ್ನೊಂದು ಬಿಲ್ಲೆ. "ಹಳೇದು ಅಂತ ಈಗ ಇದೊಂದೇ ಉಳೀತು. ಕೈ ಒರೆಸ್ಕೊಂಡು ತಗೋ."

ಅವಳು ಹೊಳೆಯುವ ಬಿಲ್ಲೆಯನ್ನು ತಾತನಿಗೆ ಕೊಟ್ಟು, ಫ್ರಾಕಿಗೆ ಕೈ ಒರೆಸಿಕೊಂಡು ಕಪ್ಪು ಬಿಲ್ಲೆ ತೆಗೆದುಕೊಂಡಳು.

"ಎರಡನೇ ಮಹಾಯುದ್ಧದ ಕಾಲ. ನಾನಿನ್ನೂ ಹುಟ್ಟಿರಲಿಲ್ಲ. ಊರಲ್ಲೆಲ್ಲೂ ಚಿಲ್ಲರೆ ಕಾಸೇ ಸಿಗ್ತಿರಲಿಲ್ಲವಂತೆ. ಲಷ್ಕರ್ ಮೊಹಲ್ಲಾದಲ್ಲಿ ನಮ್ಮಪ್ಪನ ಬೆಲ್ಲದಂಗಡಿ. ಚಿಲ್ಲರೆ ಬದಲು ಏನು ಕೊಡೋದು? ಬಚ್ಚಲುಮನೆಯ ತೂತು ಹಂಡೆ ಕತ್ತರಿಸಿ ಬಿಲ್ಲೆ ಮಾಡಿಸಿ, ಅಂಗಡಿ ಹೆಸರು ಒತ್ತಿಸಿದ್ರು."

"ಸ್ನಾನದ ಹಂಡೇನಾ?" ಹೇಮಶ್ರೀಗೆ ನಗು ಬಂತು. "ಅದು ರಿಯಲ್ ದುಡ್ಡೇ ಅಲ್ವಲ್ಲ! ಜನ ತಗೊಂಡ್ರಾ?"

"ತಗೊಂಡ್ರು. ಹೂವಿನವರು, ಹಾಲಿನವರು, ಜಟಕಾದವರು, ಎಲ್ರೂ. ಯಾವತ್ತು ತಂದ್ರೂ ಅಪ್ಪ ಬೆಲ್ಲ ಕೊಡ್ತಾರೆ ಅಂತ ಗೊತ್ತಿತ್ತಲ್ಲ. ಅಷ್ಟು ಜನರ ಕೈ ದಾಟಿ, ಅಷ್ಟು ವರ್ಷ ಕಳೆದು ಈ ಬಣ್ಣ ಬಂದಿರೋದು. ಇವೆರಡನ್ನ ಹುಡುಕೋಕೆ ನಾನು ಅಲೆಯದ ಬೀದಿಯಿಲ್ಲ."

ಹೇಮಶ್ರೀ ಬಿಲ್ಲೆಯ ಮೇಲೆ ಹೆಬ್ಬೆರಳಾಡಿಸಿದಳು. ಒಂದು ಅಂಚು ಸವೆದು ನುಣ್ಣಗಾಗಿತ್ತು. ಅವಳ ಬೆರಳು ಅಲ್ಲೇ ಹೋಗಿ ಕೂತಿತು. ಅವಳಷ್ಟೇ ವಯಸ್ಸಿನ ಯಾರೋ ಹುಡುಗಿ ಇದನ್ನು ಹೀಗೇ ಒತ್ತಿ ಹಿಡಿದು, ಬೆಲ್ಲಕ್ಕೆಂದು ಓಡಿದ್ದಳೇನೋ! ಹೇಮಶ್ರೀಯ ಮೈ ಜುಂ ಎಂದಿತು. ಉಸಿರಾಡುವುದನ್ನೂ ಮರೆತು ನೋಡಿದಳು.

"ತಾತ, ನಾನು ತಿಕ್ಕಿದ್ದು ಮತ್ತೆ ಹೀಗಾಗುತ್ತಾ?"

"ಆಗತ್ತೆ, ನಿಧಾನಕ್ಕೆ. ನಾನಂತೂ ನೋಡಲ್ಲ." ಹೊಳೆಯುವ ಬಿಲ್ಲೆಯನ್ನು ತಾತ ಅವಳ ಕೈಗಿಟ್ಟರು. "ನೀನು ನೋಡ್ತೀಯ."

ಅವಳು ಅದನ್ನು ಮುಷ್ಟಿಯಲ್ಲಿ ಹಿಡಿದು ಬಹಳ ಹೊತ್ತು ಕೂತಳು. ಆಮೇಲೆ ಎದ್ದು ಹಿತ್ತಲಿಗೆ ಹೋದಳು.

"ಅಮ್ಮಾ, ಇದನ್ನ ಸ್ವಲ್ಪ ಹೊತ್ತು ಹಿಡ್ಕೊ. ಆಮೇಲೆ ಅಪ್ಪಂಗೆ ಕೊಡು."

ಅಮ್ಮ ಹುಣಸೆಹಣ್ಣಿನ ಕೈಯನ್ನೇ ಚಾಚಿದರು.

"ಕೈ ಒರೆಸ್ಕೊಂಡು ತಗೋಮ್ಮ," ಎಂದಳು ಹೇಮಶ್ರೀ.