ಉಪ್ಪುನೀರಿನ ತೊಟ್ಟಿಯಲ್ಲಿ ಮಂಡಕ್ಕಿ

ಬೆಳಗ್ಗೆ ಲಾಡ್ಜಿನ ಬಾಗಿಲು ತೆಗೆದಾಗ ಗಾಜಿನ ತೊಟ್ಟಿಯಲ್ಲಿ ಮೀನಿರಲಿಲ್ಲ. ಕೆಂಡದ ಬಣ್ಣ, ಮೈಮೇಲೆ ಕಪ್ಪು ಪಟ್ಟೆ, ರೆಕ್ಕೆಯಂಚಿಗೆ ನೀಲಿ. ಪೆಸಿಫಿಕ್ ದ್ವೀಪಗಳ ಹವಳದ ದಿಬ್ಬಗಳ ಮೀನು. ಸಾಗರ ಪೇಟೆಯ ಬಸ್ ಸ್ಟ್ಯಾಂಡ್ ಪಕ್ಕ, ನಿನ್ನೆಯವರೆಗೂ ಉಪ್ಪುನೀರಿನಲ್ಲಿ ಒಂಟಿಯಾಗಿ ಸುತ್ತುತ್ತಿತ್ತು.

ಮಾಲೀಕ ಶ್ರೀನಾಥ್ ಆಗಲೇ ಕಳ್ಳಿಯನ್ನು ಪತ್ತೆಮಾಡಿಬಿಟ್ಟಿದ್ದ. ಕಸ ಗುಡಿಸುವ ಕನ್ನಮ್ಮ. ಮೀನಿಗೆ ಸಿಗಡಿ ಚೂರು ಹಾಕುವವಳೂ ಅವಳೇ, ಬೀಗದ ಕೈ ಇದ್ದದ್ದೂ ಅವಳ ಹತ್ತಿರವೇ. ಬೀದಿಯ ಜನರ ಮುಂದೆಯೇ ಅವಳನ್ನು ಕೆಲಸದಿಂದ ತೆಗೆದ. ಅವನ ತಾಯಿ ಸರೋಜಮ್ಮ ಬಾಗಿಲಲ್ಲಿ ನಿಂತು ನೋಡಿದರು. ಕಳ್ಳಿ ಅನ್ನಿಸಿಕೊಂಡವಳನ್ನು ಈ ಊರಲ್ಲಿ ಇನ್ಯಾರು ಒಳಗೆ ಬಿಟ್ಟುಕೊಳ್ಳುತ್ತಾರೆ?

ದೂರಿನ ಮೇಲೆ ಬಂದ ಸಬ್ ಇನ್‌ಸ್ಪೆಕ್ಟರ್ ತನುಜಾ ತೊಟ್ಟಿಯ ಸುತ್ತ ಎರಡು ಸಲ ಸುತ್ತಿದಳು. ನೀರು ಒಂದು ಕೊಡದಷ್ಟು ಕಡಿಮೆಯಾಗಿತ್ತು. ಫಿಲ್ಟರಿನಲ್ಲಿ ಬಿಳಿಯ ಚೂರುಗಳು ಸಿಕ್ಕಿಕೊಂಡಿದ್ದವು. ಹಿಚುಕಿ ನೋಡಿದಳು. ಮಂಡಕ್ಕಿ!

*

ಮೀನು ತಂದುಕೊಟ್ಟ ಸಾಕುಮೀನಿನ ವ್ಯಾಪಾರಿ ಕಾಂತರಾಜ್ ಅದನ್ನು ವಾಪಸ್ ಕೇಳುತ್ತಿದ್ದನಂತೆ. ತನುಜಾ ಅವನ ಅಂಗಡಿಗೆ ಹೋದಳು. ಅವನು ನೆಂಟರ ಮದುವೆಗೆಂದು ಶಿವಮೊಗ್ಗದಲ್ಲಿದ್ದು, ಆಗಷ್ಟೇ ಬಂದು ಬಾಗಿಲು ತೆಗೆಯುತ್ತಿದ್ದ. ಮಂಡಕ್ಕಿಯ ಮಾತೆತ್ತಿದರೆ ನಕ್ಕುಬಿಟ್ಟ.

“ಅದನ್ನ ಆ ಮೀನು ಮೂಸಿ ಕೂಡ ನೋಡಲ್ಲ ಮೇಡಂ. ಮಂಡಕ್ಕಿ ಹಾಕೋದು ಹೊಳೆ ಮೀನಿಗೆ.”

*

ತನುಜಾ ಲಾಡ್ಜಿನ ಮೇಲಿದ್ದ ಮಾಲೀಕನ ಮನೆಗೆ ಹತ್ತಿದಳು. ಬಾಗಿಲ ಬಳಿ ಬ್ಯಾಗು, ಅದರ ಪಕ್ಕ ಬಟ್ಟೆ ಮುಚ್ಚಿದ ಸ್ಟೀಲ್ ಕೊಡ. ಸರೋಜಮ್ಮ ತೀರ್ಥಹಳ್ಳಿ ಬಸ್ಸಿಗೆ ಹೊರಟಿದ್ದರು. ತನುಜಾ ಬಟ್ಟೆ ಸರಿಸಿದಳು. ಒಳಗೆ ಕೆಂಡದ ಬಣ್ಣ ಮಿಸುಕಾಡಿತು.

ಕನ್ನಮ್ಮನಿಗೂ ಕಾಂತರಾಜನಿಗೂ ಆ ಮೀನಿನ ಊಟ ಗೊತ್ತು, ಅವರು ಮಂಡಕ್ಕಿ ಹಾಕುವವರಲ್ಲ ಎಂದು ತನುಜಾ ವಿವರಿಸಿದಳು. ಹಾಕುವವರು ತೀರ್ಥಹಳ್ಳಿ ಹತ್ತಿರದ ಚಿಬ್ಬಲಗುಡ್ಡೆಯ ಹೊಳೆಯಲ್ಲಿ ದೇವರ ಮೀನಿಗೆ ಹಾಕಿ ರೂಢಿಯಾದವರು. ಸರೋಜಮ್ಮನ ತವರು ಅದೇ ಕಡೆ.

“ಒಂಟಿಯಾಗಿ ಗೋಳಾಡ್ತಿತ್ತು ಕಣಮ್ಮ. ಅಲ್ಲಿ ಬಿಟ್ರೆ ಯಾರೂ ಹಿಡಿಯಲ್ಲ. ಮಗನ ಹತ್ರ ಹೇಳಿದ್ರೆ ಬಿಡ್ತಿರಲಿಲ್ಲ.”

“ಇದು ಸಮುದ್ರದ್ದಮ್ಮ. ಸಿಹಿನೀರಿಗೆ ಬಿಟ್ಟಿದ್ರೆ ಸತ್ತೇ ಹೋಗ್ತಿತ್ತು.”

ಸರೋಜಮ್ಮ ಕೊಡ ಎತ್ತಿಕೊಂಡು ಕೆಳಗಿಳಿದರು. ಮೀನನ್ನು ತೊಟ್ಟಿಗೆ ಬಿಟ್ಟು ಹೊರಗೆ ಬಂದರು. ಮೆಟ್ಟಿಲ ಮೇಲೆ ಕೂತಿದ್ದ ಕನ್ನಮ್ಮನನ್ನು ಒಳಗೆ ಬಾ ಎಂದು ಕರೆದರು. ಅವಳು ಏಳಲಿಲ್ಲ.

“ಮೀನಿಗೆ ಮರುಗಿದ್ರಿ ಅಮ್ಮಾ. ನನ್ನ ಕಳ್ಳಿ ಅಂದಾಗ ಅಲ್ಲೇ ನಿಂತಿದ್ರಲ್ಲ.”

ಬೀದಿಯಲ್ಲಿ ಜನ ಇನ್ನೂ ಚದುರಿರಲಿಲ್ಲ. ಮಗ ಸರೋಜಮ್ಮನ ತೋಳು ಹಿಡಿದು ಒಳಗೆ ಎಳೆದರೂ ಕೊಡವಿಕೊಂಡು ಮೆಟ್ಟಿಲಿಳಿದರು. ಮೀನು ಕದ್ದವಳು ನಾನು, ಈಕೆಯಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಆಮೇಲೆ ಕನ್ನಮ್ಮ ಎದ್ದಳು.