ಗಂಜಿ ಹಾಕಿದ ಜಾಕೆಟ್

ಗೋಕಾಕದ ಠಾಣೆಗೆ ದೂರು ಬಂದಾಗ ಊರಿನ ಮೇಲೆ ಇನ್ನೂ ಮಂಜು ಕವಿದಿತ್ತು. ಗಡಿಯ ಸೈನಿಕರಿಗೆ ಹೊಸ ಮಾದರಿಯ ಹಗುರ ಬುಲೆಟ್‌ಪ್ರೂಫ್ ಜಾಕೆಟ್ ಹೊಲಿಯುವ ಜಮೀರ ಏದುಸಿರು ಬಿಡುತ್ತ ನಿಂತಿದ್ದ.

"ಸ್ಯಾಂಪಲ್ ಕಳವಾಗೈತ್ರಿ ಮೇಡಂ. ನಾಳೆ ಮಿಲಿಟರಿಯವರು ಪರೀಕ್ಷಾ ಮಾಡಾಕ ಬರ್ತಾರ. ಅದಿಲ್ಲಂದ್ರ ಆರ್ಡರೂ ಇಲ್ಲ, ನಮ್ಮ ಮಂದಿಗೆ ಕೆಲಸಾನೂ ಇಲ್ಲ."

ಇನ್‌ಸ್ಪೆಕ್ಟರ್ ರಾಧಿಕಾ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಸತ್ತೆಪ್ಪನೊಂದಿಗೆ ಹೊಲಿಗೆ ಘಟಕಕ್ಕೆ ಹೋಗಿ ಪಂಚನಾಮೆ ಮಾಡಿದಳು. ಬೀಗ ಒಡೆದಿರಲಿಲ್ಲ. ಗುಂಡು ತಡೆಯುವ ಗಟ್ಟಿ ಫಲಕಗಳು ಕಪಾಟಿನಲ್ಲೇ ಇದ್ದವು. ಅವನ್ನು ತುಂಬುವ ಬಟ್ಟೆಯ ಕವಚ ಮಾತ್ರ ಮಾಯ! ಪಕ್ಕದಲ್ಲಿ ದೇವರ ಭಂಡಾರದ ಅರಿಶಿನ ಚಿಟಿಕೆಯಷ್ಟು ಚೆಲ್ಲಿತ್ತು.

"ಎಂಥಾ ಕಳ್ಳರೀ ಇಂವಾ! ಜೀವಾ ಉಳಿಸೂದನ್ನ ಬಿಟ್ಟು ಬರೇ ಅಂಗಿ ಒಯ್ದಾನ," ಸತ್ತೆಪ್ಪ ನಕ್ಕ.

ರಾಧಿಕಾ ನಗಲಿಲ್ಲ. ಗುಂಡನ್ನು ಯಾವುದು ತಡೆಯುತ್ತದೆಂದೇ ತಿಳಿಯದವರ ಕೆಲಸವಿದು.

"ಕೀಲಿ ಯಾರ ಕಡೆ ಇರ್ತೈತಿ?"

"ನನ್ನ ಕಡೆ, ಮತ್ತ ಕಸಾ ಹೊಡಿಯೋ ಕೆಂಪವ್ವನ ಕಡೆ. ಕಲ್ಲೋಳಿಯಾಕಿ. ಮಗ ಮಾಲಿಂಗ ಗಡಿಯಾಗ ಸಿಪಾಯಿ. ಇವತ್ತ ಬಂದಿಲ್ರಿ."

ಕಲ್ಲೋಳಿಯ ದಾರಿಯಲ್ಲಿ ಕಬ್ಬಿನ ಹೂಗಳು ಮಂಜಿನೊಳಗೆ ತೇಲುತ್ತಿದ್ದವು. ಎಲ್ಲಿಂದಲೋ ಕಾಣದ ಕುರಿಗಳ ಗಂಟೆ ಕೇಳುತ್ತಿತ್ತು. ಜೀಪು ನೆಲ ಬಿಟ್ಟಿತೇನೋ ಅನ್ನಿಸಿ ರಾಧಿಕಾ ಕಿಟಕಿ ಹಿಡಿದು ಕೂತಳು.

ಕೆಂಪವ್ವನ ಅಂಗಳದ ತುಂಬ ಹುಣಸೆ ಬೀಜದ ಗಂಜಿ ಕುದಿಸಿದ ವಾಸನೆ. ಹಗ್ಗದ ಮೇಲೆ ಕಂಬಳಿಗಳ ನಡುವೆ ಜಾಕೆಟ್ ಒಣಗುತ್ತಿತ್ತು. ಗಂಜಿ ಕುಡಿದು ಸೆಟೆದು, ಎದೆಗೆ ಭಂಡಾರ ಬಳಿದುಕೊಂಡು, ಒಳಗೆ ಯಾರೋ ನಿಂತಂತೆ ಮೆಲ್ಲಗೆ ತೂಗುತ್ತಿತ್ತು. ಅಯ್ಯೋ, ಇದನ್ನು ಕಳವು ಅನ್ನುವುದಾದರೂ ಹೇಗೆ!

"ಯಾಕ ಒಯ್ದಿ ಅವ್ವಾ?"

"ಹೂವಿನಂಗ ಹಗುರ ಐತ್ರಿ ಬಾಯಾರ. ಇದು ಗುಂಡು ತಡೀತೈತೇನ್ರಿ? ಗಂಜಿ ಹಚ್ಚಿದ ಕಂಬಳಿ ಒಳಗ ಮಳೀನೂ ಬರಂಗಿಲ್ಲ. ಅದಕ್ಕ ಹಚ್ಚೇನಿ. ಒಣಗಿದ ಮ್ಯಾಲ ಹೊಳ್ಳಿ ಇಡಾಕಿ ಇದ್ನಿ."

"ಇದು ನಿನ್ನ ಮಗಗ ಹೋಗೂದಲ್ಲ."

"ಯಾರಿಗರ ಹೋಗತೈತಲ್ರಿ. ಅವಗೂ ಒಬ್ಬಾಕಿ ಅವ್ವ ಇರ್ತಾಳ."

ರಾಧಿಕಾ ಜಾಕೆಟನ್ನು ಹಗ್ಗದಿಂದ ಜೋಪಾನವಾಗಿ ಇಳಿಸಿಕೊಂಡಳು. ಆದರೂ ಕಾನೂನು ಕಾನೂನೇ. ದಸ್ತಗಿರಿ ಮಾಡಿ ಕರೆತಂದಳು. ಗಂಜಿಗೆ ಸೆಟೆದ ಕವಚ ಪರೀಕ್ಷೆಗೆ ನಡೆಯದೆಂದು ಜಮೀರ ಮಿಲಿಟರಿಯವರಿಗೆ ಫೋನ್ ಮಾಡಿ ಬೇಡಿಕೊಂಡ. ಹೊಸ ಕವಚ ಹೊಲಿಯಲು ಒಂದು ವಾರ ಸಿಕ್ಕಿತು.

ಠಾಣೆಯಲ್ಲಿ ರಾಧಿಕಾ ಜಮೀರ ತಂದಿದ್ದ ಒಂದು ಫಲಕವನ್ನು ಕೆಂಪವ್ವನ ಕೈಗಿಟ್ಟಳು. "ಇದನ್ನ ಒಳಗ ಹಾಕ್ತಾರ ಅವ್ವಾ. ಗುಂಡು ತಡಿಯೂದು ಇದು."

ಮುದುಕಿ ಬೆರಳಿನಿಂದ ಬಡಿದು ನೋಡಿದಳು, ಎದೆಗೆ ಒತ್ತಿಕೊಂಡಳು, ಆಮೇಲೆ ಜಮೀರನ ಕಡೆ ತಿರುಗಿದಳು.

"ದಿನಾ ಅಲ್ಲೇ ಕಸಾ ಹೊಡಿತಿದ್ನಲ್ಲೋ ಯಪ್ಪಾ. ಒಂದಿನಾರ ತೋರಸ್ಬಾರದಿತ್ತೇನೋ?"

ಕೇಸ್ ಡೈರಿಯಲ್ಲಿ 'ಉದ್ದೇಶ' ಎಂಬಲ್ಲಿ ರಾಧಿಕಾ ಬರೆದಳು: ಮಗ ಜೀವಂತ ಮನೆಗೆ ಬರಲೆಂದು.